ಹೊಟ್ಟೆಯಲ್ಲೊಂದು ಕಿಟಕಿ: ಅಲೆಕ್ಸಿ ಸೇಂಟ್ ಮಾರ್ಟಿನ್ ಕಥೆ

ಭಾಗ 1

ಊಟ ಮಾಡ್ತಾ ಫೋನ್ ನೋಡೋ ಅಭ್ಯಾಸ ಇರೋರು ಇದನ್ನ ಊಟ ಆದ್ಮೇಲೆ ಓದಿ. ಆಮೇಲೆ ನನ್ನ ಬೈಬೇಡಿ.

1822ರ ಜೂನ್ 6. ಅಮೆರಿಕದ ಉತ್ತರದ ಅಂಚಿನಲ್ಲಿ, ಹ್ಯೂರಾನ್ ಸರೋವರದೊಳಗೆ ಮ್ಯಾಕಿನಾ ಅಂತ ಒಂದು ಪುಟ್ಟ ದ್ವೀಪ. ಅಲ್ಲಿ ಒಂದು ಸೈನ್ಯದ ಕೋಟೆ, ಅದರ ಕೆಳಗೆ ಅಮೆರಿಕನ್ ಫರ್ ಕಂಪನಿಯ ಅಂಗಡಿ. ಚಳಿಗಾಲ ಪೂರ್ತಿ ಕಾಡಲ್ಲಿ ಬೀವರ್ ಬೇಟೆ ಆಡಿದವರು ಬೇಸಿಗೆ ಬಂತಂದ್ರೆ ಚರ್ಮದ ಮೂಟೆ ಹೊತ್ತು ಇಲ್ಲಿಗೆ ಬರ್ತಿದ್ರು. ಯುರೋಪಿನ ಶ್ರೀಮಂತರ ತಲೆ ಮೇಲಿನ ಟೋಪಿ ಆಗ್ತಿದ್ದದ್ದು ಇದೇ ಚರ್ಮದ ತುಪ್ಪಳದಿಂದ.

ಅವತ್ತು ಅಂಗಡಿ ಒಳಗೆ ಯಾರದ್ದೋ ಕೈಯಲ್ಲಿದ್ದ ಬಂದೂಕು ಅಚಾನಕ್ಕಾಗಿ ಸಿಡೀತು. ಬಾತುಕೋಳಿ ಹೊಡೆಯೋ ಚರೆ ತುಂಬಿದ್ದ ಬಂದೂಕು. ಎದುರಿಗೆ ಮೂರಡಿಯೂ ದೂರ ಇಲ್ಲದ ಹಾಗೆ ನಿಂತಿದ್ದವನು ಅಲೆಕ್ಸಿ ಸೇಂಟ್ ಮಾರ್ಟಿನ್. ಹದಿನೆಂಟು–ಇಪ್ಪತ್ತರ ಹುಡುಗ, ಅಂದ್ರೆ ನಮ್ಮಲ್ಲಿ ತುಂಬಾ ಜನರ ವಯಸ್ಸೇ. ಊರು ಕೆನಡಾದ ಕ್ವಿಬೆಕ್ ಕಡೆ, ಮಾತು ಫ್ರೆಂಚ್, ಕೆಲಸ ದೋಣಿ ಹುಟ್ಟು ಹಾಕೋದು ಮತ್ತು ಹೊರೆ ಹೊರೋದು. ಈ ಕೆಲಸದವರು ಹೊರ್ತಿದ್ದ ಒಂದೊಂದು ಮೂಟೆ ಸುಮಾರು 40 ಕೆ.ಜಿ. ಓದು ಬರಹ ಬರ್ತಿರಲಿಲ್ಲ.

ಚರೆ ಎಡ ಎದೆಯ ಕೆಳಗೆ ನುಗ್ಗಿತ್ತು. ಪಕ್ಕೆಲುಬು ಮುರಿದಿತ್ತು, ಅಂಗಿಗೆ ಬೆಂಕಿ ಹತ್ತಿಕೊಂಡಿತ್ತು. ಕೋಟೆಯಿಂದ ಓಡಿ ಬಂದ ಸೈನ್ಯದ ಡಾಕ್ಟರ್ ನೋಡಿದ್ದು ಎರಡು ವಿಷಯ. ಒಂದು, ಗಾಯದಿಂದ ಹೊರಗೆ ಬಂದಿದ್ದ, ಟರ್ಕಿ ಕೋಳಿ ಮೊಟ್ಟೆಯಷ್ಟು ದಪ್ಪದ ಶ್ವಾಸಕೋಶದ ತುಂಡು. ಎರಡು, ಅದರ ಕೆಳಗೆ ತೂತು ಬಿದ್ದ ಜಠರ. ಆ ತೂತಿನಿಂದ ಹುಡುಗ ಬೆಳಿಗ್ಗೆ ತಿಂದಿದ್ದ ತಿಂಡಿ ಹೊರಗೆ ಸುರೀತಿತ್ತು.

36 ಗಂಟೆ ಬದುಕಿದ್ರೆ ಹೆಚ್ಚು ಅಂದುಕೊಂಡ ಡಾಕ್ಟರ್. ಅಲೆಕ್ಸಿ ಆಮೇಲೆ 58 ವರ್ಷ ಬದುಕಿದ.

ಭಾಗ 2

ಆ ಡಾಕ್ಟರ್ ಹೆಸರು ವಿಲಿಯಂ ಬೋಮಾಂಟ್. 1785ರಲ್ಲಿ ಕನೆಕ್ಟಿಕಟ್‌ನ ಒಂದು ರೈತರ ಮನೇಲಿ ಹುಟ್ಟಿದವನು. ಮೆಡಿಕಲ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಒಬ್ಬ ವೈದ್ಯರ ಕೈಕೆಳಗೆ ಶಿಷ್ಯನಾಗಿದ್ದು ಕಲಿತು ಸೈನ್ಯಕ್ಕೆ ಸೇರಿದ್ದ. ಆ ಕಾಲದಲ್ಲಿ ಅದೇನೂ ವಿಚಿತ್ರ ಅಲ್ಲ.

(ಒಂದು ಮಾತು. ಕನ್ನಡದಲ್ಲಿ ಬರೆಯುವಾಗ ಡಾಕ್ಟರಿಗೆ 'ಅವರು', ಹೊರೆ ಹೊರೋನಿಗೆ 'ಅವನು' ಅಂತ ಕೈ ತಾನೇ ಬರೆದುಬಿಡುತ್ತೆ. ಈ ಸರಣಿಯಲ್ಲಿ ಇಬ್ಬರಿಗೂ ಏಕವಚನ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.)

ಮತ್ತು ಬರಿಸೋ ಔಷಧಿ ಇನ್ನೂ ಬಂದಿರಲಿಲ್ಲ. ರೋಗಾಣು ಅಂದ್ರೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಅಂಥ ಕಾಲದಲ್ಲಿ ಬೋಮಾಂಟ್ ದಿನಾ ಬಂದು ಗಾಯ ತೊಳೆದ, ಕೊಳೆತ ಮಾಂಸ ಕತ್ತರಿಸಿ ತೆಗೆದ, ಒಳಗುಳಿದ ಚರೆ, ಬಟ್ಟೆ ಚೂರು, ಮೂಳೆ ಚೂರು ಹೊರಗೆ ತೆಗೆದ. ಮೊದಲ 17 ದಿನ ಬಾಯಿಂದ ಏನೇ ಕೊಟ್ರೂ ಎದೆ ಕೆಳಗಿನ ತೂತಿಂದ ಹೊರಗೆ ಬರ್ತಿತ್ತು. ಗುದದ್ವಾರದ ಮೂಲಕ ಪೌಷ್ಟಿಕ ದ್ರವ ಕೊಟ್ಟು ಜೀವ ಉಳಿಸಿದ. ನಾಲ್ಕನೇ ವಾರದ ಹೊತ್ತಿಗೆ ಹುಡುಗನಿಗೆ ಹಸಿವಾಗೋಕೆ ಶುರುವಾಯ್ತು, ಗಾಯಕ್ಕೆ ಬಟ್ಟೆ ಒತ್ತಿ ಕಟ್ಟಿದ್ರೆ ಊಟ ಒಳಗೆ ನಿಲ್ತಿತ್ತು.

ಆದ್ರೆ ತೂತು ಮುಚ್ಚಲೇ ಇಲ್ಲ. ಜಠರದ ತೂತಿನ ಅಂಚು ಚರ್ಮದ ಗಾಯದ ಅಂಚಿಗೆ ಅಂಟಿಕೊಂಡು ವಾಸಿಯಾಯ್ತು. ಕಿವಿ ಚುಚ್ಚಿದ ತೂತು ಒಳಗಿನಿಂದ ಚರ್ಮ ಬೆಳೆದು ಹಾಗೇ ಉಳಿಯುತ್ತಲ್ಲ, ಹೆಚ್ಚುಕಡಿಮೆ ಆ ಥರ. ಬರ್ತಾ ಬರ್ತಾ ಜಠರದ ಒಳಪದರದ ಒಂದು ಮಡಿಕೆ ಬೆಳೆದು ತೂತಿಗೆ ಒಳಗಿನಿಂದ ಬಾಗಿಲ ಹಾಗೆ ಅಡ್ಡ ಬಂತು. ಊಟ ಹೊರಗೆ ಬರೋದು ನಿಂತಿತು. ಬೆರಳಿಂದ ಆ ಬಾಗಿಲು ಒತ್ತಿದ್ರೆ ಮಾತ್ರ ಒಳಗೆಲ್ಲಾ ಕಾಣ್ತಿತ್ತು.

ಅಂಚು ಕತ್ತರಿಸಿ ಹೊಲಿದು ಮುಚ್ಚೋಣ ಅಂದೆ, ಹುಡುಗ ಒಪ್ಪಲಿಲ್ಲ ಅಂತ ಬೋಮಾಂಟ್ ಬರೆದಿದ್ದಾನೆ. ಇರಬಹುದು. ಮತ್ತು ಇಲ್ಲದೆ ಇನ್ನೊಂದು ಸಲ ಕೊಯ್ಯಿಸಿಕೊಳ್ಳೋಕೆ ಯಾರು ಒಪ್ತಾರೆ? ಆದ್ರೆ ಈ ಮಾತಿಗೆ ಇರೋ ಒಬ್ಬನೇ ಸಾಕ್ಷಿ ಬೋಮಾಂಟ್ ಅನ್ನೋದು ನೆನಪಿರಲಿ. ಅಲೆಕ್ಸಿ ತನ್ನ ಕಡೆಯ ಕಥೆ ಬರೆದಿಡಲಿಲ್ಲ.

1823ರ ಏಪ್ರಿಲ್. ಈ ಅನಾಥ ರೋಗಿಯ ಖರ್ಚು ಇನ್ನು ನಮ್ಮ ಕೈಲಾಗಲ್ಲ, ಕೆನಡಾಕ್ಕೆ ದೋಣಿ ಹತ್ತಿಸಿ ಕಳಿಸ್ತೀವಿ ಅಂದ್ರು ಅಲ್ಲಿನ ಅಧಿಕಾರಿಗಳು. ದಾರಿಯಲ್ಲೇ ಸಾಯ್ತಾನೆ ಅಂತ ಬೋಮಾಂಟ್ ಅವನನ್ನ ತನ್ನ ಮನೆಗೇ ಕರ್ಕೊಂಡು ಬಂದ. ಊಟ, ಬಟ್ಟೆ, ಮದ್ದು ಎಲ್ಲ ಕೊಟ್ಟ. ಗುಣವಾದ ಮೇಲೆ ಅಲೆಕ್ಸಿ ಸೌದೆ ಒಡೆದ, ಮನೆಗೆಲಸ ಮಾಡಿದ.

ಇಲ್ಲಿವರೆಗೆ ಇದು ಒಬ್ಬ ಒಳ್ಳೆ ಡಾಕ್ಟರ್ ಕಥೆ.

ಭಾಗ 3

ಕಥೆ ಒಂದು ನಿಮಿಷ ನಿಲ್ಲಿಸಿ ಹಿಂದಕ್ಕೆ ಹೋಗೋಣ. ಆ ತೂತು ಯಾಕೆ ಅಷ್ಟು ದೊಡ್ಡ ವಿಷಯ ಆಯ್ತು ಅಂತ ತಿಳಿಯಬೇಕಲ್ಲ.

ತಿಂದ ಅನ್ನ ಒಳಗೆ ಹೋಗಿ ಏನಾಗುತ್ತೆ? ನಮ್ಮ ಹಳೇ ಉತ್ತರ ನಮ್ಮ ಮಾತಲ್ಲೇ ಇದೆ. ಜೀರ್ಣಕ್ಕೆ ಇನ್ನೊಂದು ಹೆಸರು 'ಪಚನ', ಅಂದ್ರೆ ಬೇಯಿಸೋದು. ಅಡುಗೆ ಅನ್ನೋ ಅರ್ಥದ 'ಪಾಕ' ಕೂಡ ಅದೇ ಮನೆಯ ಪದ. ಬೇಯಿಸೋಕೆ ಬೆಂಕಿ ಬೇಕಲ್ಲ, ಅದು 'ಜಠರಾಗ್ನಿ'. ಮಜಾ ಏನಂದ್ರೆ ಗ್ರೀಕರೂ ಇದನ್ನೇ ಹೇಳ್ತಿದ್ರು. ಗ್ಯಾಲೆನ್ ಲೆಕ್ಕದಲ್ಲೂ ಹೊಟ್ಟೆ ಅಂದ್ರೆ ದೇಹದ ಶಾಖದಲ್ಲಿ ಊಟ ಬೇಯೋ ಜಾಗ.

ಯುರೋಪಿನಲ್ಲಿ 1600–1700ರ ಹೊತ್ತಿಗೆ ಇದರ ಮೇಲೆ ದೊಡ್ಡ ಜಗಳ. ಅಲ್ಲ, ಹೊಟ್ಟೆ ಒರಳುಕಲ್ಲಿನ ಹಾಗೆ ಅರೆಯುತ್ತೆ ಅಂತ ಒಂದು ಗುಂಪು. ದೋಸೆ ಹಿಟ್ಟಿನ ಹಾಗೆ ಹುದುಗು ಬರುತ್ತೆ ಅಂತ ಇನ್ನೊಂದು. ಸುಮ್ನೆ ಕೊಳೆಯುತ್ತೆ ಅಷ್ಟೇ ಅಂತ ಮತ್ತೊಂದು. ಯಾರೂ ಒಳಗೆ ನೋಡಿದವರಲ್ಲ. ಸತ್ತವರ ಹೊಟ್ಟೆ ಕೊಯ್ದರೆ ಚೀಲ ಕಾಣುತ್ತೆ, ಚೀಲದ ಕೆಲಸ ಕಾಣಲ್ಲ.

ಅರೆಯುತ್ತೆ ಅನ್ನೋರ ಹತ್ತಿರ ಸಾಕ್ಷಿ ಇತ್ತು: ಕೋಳಿ. ಮನೇಲಿ ನಾಟಿ ಕೋಳಿ ಕ್ಲೀನ್ ಮಾಡೋದು ನೋಡಿದವರಿಗೆ ಗೊತ್ತು, ಒಳಗೆ ಒಂದು ಗಟ್ಟಿ ಮಾಂಸದ ಚೀಲ ಇರುತ್ತೆ, ಅದರೊಳಗೆ ಸಣ್ಣ ಸಣ್ಣ ಕಲ್ಲು. ಹಲ್ಲಿಲ್ಲದ ಕೋಳಿ ಕಾಳು ಬೀಸೋದು ಅಲ್ಲೇ. ಇಟಲಿಯಲ್ಲಿ ಕೋಳಿಗಳಿಗೆ ಗಾಜಿನ ಗುಂಡು ನುಂಗಿಸಿ ನೋಡಿದ್ರು, ಗಾಜು ಪುಡಿಯಾಗಿತ್ತು.

ಈ ಜಗಳಕ್ಕೆ ಒಳ್ಳೆ ಉಪಾಯ ಹುಡುಕಿದವನು ಫ್ರಾನ್ಸಿನ ರೆಯೊಮ್ಯೂರ್, 1752ರಲ್ಲಿ. ಅವನು ಸಾಕಿದ್ದು ಒಂದು ಹದ್ದು. ಹದ್ದಿಗೆ ಕೋಳಿಯಂಥ ಗಟ್ಟಿ ಚೀಲ ಇಲ್ಲ, ಜೊತೆಗೆ ಅರಗದ ಮೂಳೆ, ಗರಿ ಎಲ್ಲ ವಾಪಸ್ ಕಕ್ಕೋ ಅಭ್ಯಾಸ. ರೆಯೊಮ್ಯೂರ್ ಸಣ್ಣ ಲೋಹದ ಕೊಳವೆಯೊಳಗೆ ಮಾಂಸ ಇಟ್ಟು ಎರಡೂ ತುದಿಗೆ ಜಾಲರಿ ಕಟ್ಟಿ ನುಂಗಿಸಿದ. ಲೋಹದ ಗೋಡೆ ಇರೋದ್ರಿಂದ ಯಾರೂ ಮಾಂಸವನ್ನ ಅರೆಯೋಕಾಗಲ್ಲ. ದ್ರವ ಮಾತ್ರ ಜಾಲರಿ ದಾಟಿ ಒಳಗೆ ಬರಬಹುದು. ಹದ್ದು ಕೊಳವೆ ಕಕ್ಕಿತು. ಕೊಳವೆಗೆ ಒಂದು ಗೀಟೂ ಇಲ್ಲ, ಒಳಗಿನ ಮಾಂಸ ಅರ್ಧ ಕರಗಿತ್ತು. ಕೊಳೆತ ವಾಸನೆಯೂ ಇಲ್ಲ. ಆಮೇಲೆ ಕೊಳವೆಯಲ್ಲಿ ಸ್ಪಂಜು ಇಟ್ಟು ನುಂಗಿಸಿ, ಹಿಂಡಿ, ಆ ದ್ರವ ತೆಗೆದ. ರುಚಿ ಹುಳಿ.

ನನ್ನ ಪ್ರಕಾರ ಇದು ಜೀವಶಾಸ್ತ್ರದ ಅತಿ ಚೆಂದದ ಪ್ರಯೋಗಗಳಲ್ಲಿ ಒಂದು. ಮೈಕ್ರೋಸ್ಕೋಪ್ ಇಲ್ಲ, ಕೊಯ್ಯೋದಿಲ್ಲ. ಒಂದು ಕೊಳವೆ, ಒಂದು ಹದ್ದಿನ ಅಭ್ಯಾಸ.

ಭಾಗ 4

ಹದ್ದು ಸರಿ. ಮನುಷ್ಯ?

ಇಟಲಿಯ ಸ್ಪಲಾಂಜಾನಿ ಪಾದ್ರಿಯೂ ಹೌದು, ಮೇಷ್ಟ್ರೂ ಹೌದು. ಅವನು ಪ್ರಯೋಗಕ್ಕೆ ಇನ್ನೊಬ್ಬರನ್ನ ಹುಡುಕಲಿಲ್ಲ. ಬಟ್ಟೆಯ ಪುಟ್ಟ ಚೀಲದಲ್ಲಿ ಅಗಿದ ಬ್ರೆಡ್ ಹಾಕಿ ಹೊಲಿದು ತಾನೇ ನುಂಗಿದ. ಮಾರನೇ ದಿನ ಅದು ಹೊರಗೆ ಬಂದಾಗ (ಎಲ್ಲಿಂದ ಅಂತ ಕೇಳಬೇಡಿ) ತೊಳೆದು ಬಿಚ್ಚಿ ನೋಡಿದ. ಚೀಲ ಗಟ್ಟಿಯಾಗೇ ಇದೆ, ಬ್ರೆಡ್ ಇಲ್ಲ. ಪ್ರಾಣಿಗಳ ಜಠರರಸ ಗಾಜಿನ ನಳಿಗೆಯಲ್ಲಿ ಹಾಕಿ, ಅದರಲ್ಲಿ ಮಾಂಸದ ಚೂರು ಇಟ್ಟು, ಮೈ ಶಾಖ ಬೇಕು ಅಂತ ಕಂಕುಳಲ್ಲಿ ಇಟ್ಟುಕೊಂಡು ದಿನಗಟ್ಟಲೆ ಓಡಾಡಿದ. 1780ರಲ್ಲಿ ಇದೆಲ್ಲ ಪುಸ್ತಕ ಆಯ್ತು.

ಅದೇ ಕಾಲಕ್ಕೆ, 1777ರಲ್ಲಿ, ಎಡಿನ್‌ಬರೋದಲ್ಲಿ ಎಡ್ವರ್ಡ್ ಸ್ಟೀವನ್ಸ್ ಅನ್ನೋ ಮೆಡಿಕಲ್ ವಿದ್ಯಾರ್ಥಿಗೆ ಒಬ್ಬ ಸಿಕ್ಕಿದ. ಜನರ ಮುಂದೆ ಕಲ್ಲು ನುಂಗಿ ಕಾಸು ಸಂಪಾದಿಸೋನು. ಸ್ಟೀವನ್ಸ್ ಅವನಿಗೆ ತೂತು ತೂತಿನ ಬೆಳ್ಳಿ ಗುಂಡೊಳಗೆ ಮಾಂಸ, ಮೀನು ಇಟ್ಟು ನುಂಗಿಸಿ, ಗುಂಡು ಹೊರಗೆ ಬಂದಾಗ ಒಳಗೇನು ಉಳಿದಿದೆ ನೋಡಿದ. ಆ ಮನುಷ್ಯ ಊರು ಬಿಟ್ಟು ಹೋದ, ಸ್ಟೀವನ್ಸ್ ನಾಯಿಗಳ ಕಡೆ ತಿರುಗಿದ. ಪದವಿ ಪ್ರಬಂಧದ ಮೇಲೆ ಸ್ಟೀವನ್ಸ್ ಹೆಸರಿದೆ. ಕಲ್ಲು ನುಂಗುವವನಿಗೆ ನಮ್ಮ ಮಟ್ಟಿಗೆ ಹೆಸರೇ ಇಲ್ಲ.

ಇನ್ನು ಹುಳಿಯ ವಿಷಯ. ಅದು ಯಾವ ಆಸಿಡ್ ಅಂತ ಪತ್ತೆ ಮಾಡಿದ್ದು ಇಂಗ್ಲೆಂಡಿನ ವಿಲಿಯಂ ಪ್ರೌಟ್, 1820ರ ದಶಕದಲ್ಲಿ: ಹೈಡ್ರೋಕ್ಲೋರಿಕ್ ಆಸಿಡ್. ಟಾಯ್ಲೆಟ್ ತೊಳೆಯೋ ದ್ರವದಲ್ಲಿ ಇರೋ ಅದೇ ಆಸಿಡ್. ತುಂಬಾ ಜನ ನಂಬಲಿಲ್ಲ.

ಅಂದ್ರೆ ಅಂಗಡೀಲಿ ಬಂದೂಕು ಸಿಡಿಯೋ ಹೊತ್ತಿಗೆ ಪರಿಸ್ಥಿತಿ ಇಷ್ಟು: ಏನೋ ರಸ ಇದೆ, ಅದು ಕರಗಿಸುತ್ತೆ ಅಂತ ಸುಳಿವಿದೆ. ಆದ್ರೆ ಬದುಕಿರೋ ಮನುಷ್ಯನ ಹೊಟ್ಟೆ ಕೆಲಸ ಮಾಡೋದನ್ನ ಕಣ್ಣಾರೆ ನೋಡಿ, ಗಡಿಯಾರ ಇಟ್ಟು ಅಳೆದವರು ಯಾರೂ ಇಲ್ಲ. ಮ್ಯಾಕಿನಾದಲ್ಲಿ ಬೋಮಾಂಟ್ ಮನೇಲಿ ಸೌದೆ ಒಡೀತಿದ್ದ ಹುಡುಗನ ಪಕ್ಕೆಯಲ್ಲಿ ಕಿಟಕಿಯೇ ಇತ್ತು.

ಭಾಗ 5

ಪ್ರಯೋಗ 1. 1825ರ ಆಗಸ್ಟ್ 1, ಮಧ್ಯಾಹ್ನ 12 ಗಂಟೆ.

ಅಷ್ಟರಲ್ಲಿ ಬೋಮಾಂಟ್‌ಗೆ ನಯಾಗರಾ ಕೋಟೆಗೆ ವರ್ಗ ಆಗಿತ್ತು, ಅಲೆಕ್ಸಿಯನ್ನೂ ಕರ್ಕೊಂಡು ಹೋಗಿದ್ದ. ಒಂದು ರೇಷ್ಮೆ ದಾರ ತಗೊಂಡ. ಹೂ ಪೋಣಿಸೋ ಹಾಗೆ ಅದಕ್ಕೆ ಸ್ವಲ್ಪ ಸ್ವಲ್ಪ ದೂರದಲ್ಲಿ ಕಟ್ಟಿದ: ಮಸಾಲೆ ಹಾಕಿ ಬೇಯಿಸಿದ ದನದ ಮಾಂಸ, ಉಪ್ಪು ಹಾಕಿದ ಹಸಿ ಹಂದಿ ಕೊಬ್ಬು, ಉಪ್ಪು ಹಾಕಿದ ಹಸಿ ದನದ ಮಾಂಸ, ಬೇಯಿಸಿದ ದನದ ಮಾಂಸ, ಒಣಕಲು ಬ್ರೆಡ್, ಹೆಚ್ಚಿದ ಹಸಿ ಕೋಸು. ಒಂದೊಂದೂ ಹೆಚ್ಚುಕಡಿಮೆ 8 ಗ್ರಾಂ. ದಾರ ಪೂರ್ತಿ ತೂತಿನಿಂದ ಒಳಗೆ ಬಿಟ್ಟ. ಹುಡುಗನಿಗೆ, ಹೋಗು, ನಿನ್ನ ಮನೆಗೆಲಸ ಮಾಡು ಅಂದ.

1 ಗಂಟೆಗೆ ಎಳೆದು ನೋಡಿದ. ಕೋಸು, ಬ್ರೆಡ್ ಅರ್ಧ ಖಾಲಿ. ಮಾಂಸ ಹಾಗೇ ಇದೆ. ವಾಪಸ್ ಒಳಗೆ.

2 ಗಂಟೆಗೆ ಮತ್ತೆ ಎಳೆದ. ಕೋಸು, ಬ್ರೆಡ್, ಹಂದಿ ಕೊಬ್ಬು, ಬೇಯಿಸಿದ ಮಾಂಸ ದಾರದ ಮೇಲೆ ಇಲ್ಲವೇ ಇಲ್ಲ. ಮಿಕ್ಕ ಎರಡಕ್ಕೆ ಹೆಚ್ಚೇನೂ ಆಗಿಲ್ಲ. ಮತ್ತೆ ಒಳಗೆ.

ಆಮೇಲೆ ಹುಡುಗ ಹೊಟ್ಟೆಯಲ್ಲಿ ಸಂಕಟ, ಎದೆಯಲ್ಲಿ ನೋವು ಅಂದ. ಮಾರನೇ ದಿನ ತಲೆನೋವು, ವಾಕರಿಕೆ. ಬೋಮಾಂಟ್ ಅದನ್ನೂ ನೀಟಾಗಿ ಬರೆದುಕೊಂಡ. ಅವನ ಟಿಪ್ಪಣಿಯಲ್ಲಿ ಅಲೆಕ್ಸಿಯನ್ನ 'ಹುಡುಗ' ಅಂತಲೂ ಕರೆದಿದ್ದಾನೆ.

ಇನ್ನೊಂದು ದಿನ, ಆಗಸ್ಟ್ 7. 17 ಗಂಟೆ ಉಪವಾಸ ಇಟ್ಟು, ಥರ್ಮಾಮೀಟರ್ ಒಳಗೆ ಇಳಿಸಿದ. 100 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ಸುಮಾರು 38 ಸೆಲ್ಸಿಯಸ್. ಬೆಂಕಿಯೂ ಇಲ್ಲ, ಒಲೆಯೂ ಇಲ್ಲ. ರಬ್ಬರ್ ನಳಿಗೆಯಿಂದ ಸ್ವಲ್ಪ ರಸ ಹೊರಗೆ ತೆಗೆದು ಸೀಸೆಗೆ ಹಾಕಿದ. ಬೇಯಿಸಿದ ಮಾಂಸದ ಒಂದು ತುಂಡು ಸೀಸೆಗೆ, ಅಂಥದೇ ಇನ್ನೊಂದು ದಾರ ಕಟ್ಟಿ ಹೊಟ್ಟೆಗೆ. ಸೀಸೆಯನ್ನ ಅದೇ 100 ಡಿಗ್ರಿ ಬಿಸಿ ನೀರಲ್ಲಿಟ್ಟ. 40 ನಿಮಿಷಕ್ಕೆ ಸೀಸೆಯಲ್ಲಿದ್ದ ಮಾಂಸದ ಮೇಲ್ಮೈ ಕರಗೋಕೆ ಶುರು. ಹೊಟ್ಟೆಯಲ್ಲಿದ್ದದ್ದು ಮಧ್ಯಾಹ್ನ ಕಳೆಯೋದ್ರೊಳಗೆ ಮಾಯ. ಸೀಸೆಯಲ್ಲಿದ್ದದ್ದು ಸುಮಾರು 10 ಗಂಟೆ ತಗೊಂಡು ಪೂರ್ತಿ ಕರಗಿತು.

ಈ ಸೀಸೆ ಎಷ್ಟು ದೊಡ್ಡ ವಿಷಯ ಅಂತ ಯೋಚಿಸಿ. ದೇಹದ ಹೊರಗೆ, ಜೀವವೇ ಇಲ್ಲದ ಗಾಜಿನೊಳಗೆ ಜೀರ್ಣ ನಡೀತು. ಜೀರ್ಣಕ್ಕೆ ಯಾವುದೋ ನಿಗೂಢ 'ಜೀವಶಕ್ತಿ' ಬೇಕೇ ಬೇಕು ಅನ್ನೋರಿಗೆ ಇದಕ್ಕಿಂತ ಗಟ್ಟಿ ಉತ್ತರ ಇಲ್ಲ. ಏಳನೇ ಕ್ಲಾಸಲ್ಲಿ ಅನ್ನ ಅಗಿದು ಅಯೋಡಿನ್ ಹನಿ ಹಾಕಿ ಬಣ್ಣ ನೋಡಿದ್ವಲ್ಲ? ನಳಿಗೆಯಲ್ಲಿ ಜೀರ್ಣ ಮಾಡೋ ಆ ಸಾಲಿನ ಪ್ರಯೋಗದ ಅಜ್ಜ ಇದು.

ಭಾಗ 6

ಆ ಸೆಪ್ಟೆಂಬರಿನಲ್ಲೇ ಅಲೆಕ್ಸಿ ಓಡಿಹೋದ. ಕೆನಡಾ ಗಡಿ ಹತ್ತಿರ ಹೋಗಿದ್ದಾಗ, ಹೇಳದೆ ಕೇಳದೆ ಮನೆ ದಾರಿ ಹಿಡಿದ.

'ಓಡಿಹೋದ' ಅನ್ನೋ ಪದ ಪುಸ್ತಕಗಳಲ್ಲೆಲ್ಲಾ ಇದೆ. ನನಗೆ ಅದೇ ವಿಚಿತ್ರ ಅನ್ಸುತ್ತೆ. ಸ್ವಂತ ಊರಿಗೆ ಹೋಗೋದು ಓಡಿಹೋಗೋದು ಹೇಗಾಗುತ್ತೆ? ಸಾಲ ಇರಲಿಲ್ಲ, ಆಗಿನ್ನೂ ಕರಾರೂ ಇರಲಿಲ್ಲ. ಇದ್ದದ್ದು ಜೀವ ಉಳಿಸಿದ ಋಣ. ಅದನ್ನ ಎಷ್ಟು ವರ್ಷ, ಎಷ್ಟು ದಾರ ನುಂಗಿ ತೀರಿಸಬೇಕು?

ಊರಲ್ಲಿ ಮೇರಿ ಜೋಲಿ ಅನ್ನೋಳನ್ನ ಮದುವೆಯಾದ, ಮಕ್ಕಳಾದ್ವು. ಹೊಟ್ಟೆಯಲ್ಲಿ ತೂತಿಟ್ಟುಕೊಂಡೇ ಮತ್ತೆ ದೋಣಿ ಹುಟ್ಟು ಹಾಕೋ ಕೆಲಸಕ್ಕೂ ಹೋದ. ಬೋಮಾಂಟ್ ಹುಡುಕೋದು ಬಿಡಲಿಲ್ಲ. ಫರ್ ಕಂಪನಿಯವರ ಕಡೆಯಿಂದ ಪತ್ತೆ ಹಚ್ಚಿಸಿ, 1829ರಲ್ಲಿ ಹೆಂಡತಿ ಮಕ್ಕಳ ಸಮೇತ ಕರೆಸಿಕೊಂಡ. ಈ ಸಲ ಮಿಸಿಸಿಪಿ ನದಿ ದಡದ ಕ್ರಾಫರ್ಡ್ ಕೋಟೆ. ದಾರಿ ಖರ್ಚೆಲ್ಲ ಡಾಕ್ಟರದ್ದು. 1831ರ ತನಕ ಅಲ್ಲಿ ಪ್ರಯೋಗ, ಜೊತೆಗೆ ಮನೆ ಆಳಿನ ಕೆಲಸ. ಆಮೇಲೆ ಇಡೀ ಸಂಸಾರ ದೋಣಿಯಲ್ಲಿ ಮಿಸಿಸಿಪಿ ಇಳಿದು, ಓಹಾಯೊ ನದಿ ಹತ್ತಿ, ಸರೋವರ ದಾಟಿ ಮನೆಗೆ ಹೋಯ್ತು. ಭೂಪಟ ತೆಗೆದು ಆ ದಾರಿ ನೋಡಿ ಒಂದ್ಸಲ. ಹೊಟ್ಟೆ ತೂತಾದ ಮನುಷ್ಯ ಹುಟ್ಟು ಹಾಕಿಕೊಂಡು ಹೋದ ದಾರಿ ಅದು.

1832ರ ಕೊನೆಗೆ ಮೂರನೇ ಸರದಿ. ಈ ಸಲ ಕಾಗದದ ಮೇಲೆ ಕರಾರು. ಒಂದು ವರ್ಷ ಅಲೆಕ್ಸಿ ಡಾಕ್ಟರ್ ಹೇಳಿದಲ್ಲಿಗೆ ಹೋಗಬೇಕು, ಹೇಳಿದ ಕೆಲಸ ಮಾಡಬೇಕು, ಹೊಟ್ಟೆಯ ಮೇಲಿನ ಪ್ರಯೋಗಕ್ಕೆ ಒಪ್ಪಬೇಕು. ಬದಲಿಗೆ ಊಟ, ವಸತಿ, ಬಟ್ಟೆ ಮತ್ತು ವರ್ಷಕ್ಕೆ 150 ಡಾಲರ್. ಅದರಲ್ಲಿ 40 ಮುಂಗಡ. ಸಹಿಯ ಜಾಗದಲ್ಲಿ ಅಲೆಕ್ಸಿ ಹಾಕಿದ್ದು ಒಂದು ಗುಣಾಕಾರ ಚಿಹ್ನೆ. ಏನು ಬರೆದಿದೆ ಅಂತ ಓದೋಕೆ ಬರದವನ ಒಪ್ಪಿಗೆ. ಮುಂದೆ ಅವನನ್ನ ಸೈನ್ಯದ ಪಟ್ಟಿಗೆ ಸಾರ್ಜೆಂಟ್ ಅಂತ ಸೇರಿಸಿ, ಸರ್ಕಾರದ ಸಂಬಳ ಬರೋ ಹಾಗೂ ಮಾಡಿದ್ರು. ಸಾರ್ಜೆಂಟನ ಮುಖ್ಯ ಕೆಲಸ, ಹೊಟ್ಟೆ ತೋರಿಸೋದು.

ಇಷ್ಟಾದ್ರೂ ಒಂದು ಮಾತು ಹೇಳಲೇಬೇಕು. ಆ ಕಾಲಕ್ಕೆ ಇಂಥ ಕಾಗದ ಬರೆಸಿದ್ದೇ ಅಪರೂಪ. ಎಷ್ಟೋ ಡಾಕ್ಟರುಗಳು ಬಡವರ ಮೇಲೆ, ಗುಲಾಮರ ಮೇಲೆ ಕೇಳದೇ ಪ್ರಯೋಗ ಮಾಡ್ತಿದ್ದ ಕಾಲ. ಬೋಮಾಂಟ್‌ನನ್ನ ರಾಕ್ಷಸ ಮಾಡಿಬಿಟ್ರೆ ಕಥೆ ಸುಲಭ ಆಗುತ್ತೆ, ಆದ್ರೆ ಸುಳ್ಳಾಗುತ್ತೆ.

ಭಾಗ 7

ಹಾಗಾದ್ರೆ ಸಿಕ್ಕಿದ್ದೇನು? 1833ರಲ್ಲಿ ಪ್ಲ್ಯಾಟ್ಸ್‌ಬರ್ಗ್‌ನಲ್ಲಿ ಬೋಮಾಂಟ್ ಪುಸ್ತಕ ಅಚ್ಚಾಯ್ತು. 200ಕ್ಕೂ ಹೆಚ್ಚು ಪ್ರಯೋಗ, ಕೊನೆಯಲ್ಲಿ 51 ತೀರ್ಮಾನ. ಜರ್ಮನಿಯಲ್ಲಿ, ಬ್ರಿಟನ್ನಿನಲ್ಲಿ ಓದಿ ಬೆರಗಾದ್ರು.

ಮೊದಲನೇದು, ಖಾಲಿ ಹೊಟ್ಟೆಯಲ್ಲಿ ಜಠರರಸ ತುಂಬಿಕೊಂಡು ಕೂತಿರಲ್ಲ. ಊಟ ತಾಗಿದಾಗಲೇ ಒಳಪದರದಿಂದ ಬೆವರಿನ ಹಾಗೆ ಹನಿ ಹನಿ ಬರುತ್ತೆ. ಇದನ್ನ ಹೇಗೆ ಖಚಿತ ಮಾಡಿಕೊಂಡ ಗೊತ್ತಾ? ಖಾಲಿ ಹೊಟ್ಟೆಯ ಒಳಪದರಕ್ಕೆ ನಾಲಗೆ ತಾಗಿಸಿ ನೋಡಿದ. ಹೌದು, ನೀವು ಸರಿಯಾಗೇ ಓದಿದ್ರಿ. ಹುಳಿ ಇಲ್ಲ. ಊಟ ಹಾಕಿದ ಮೇಲೆ ಹುಳಿ. (ಅದಕ್ಕೇ ಊಟ ಮುಗಿಸಿ ಬನ್ನಿ ಅಂದಿದ್ದು.)

ರಸವನ್ನ ಬೇರೆ ವಿಜ್ಞಾನಿಗಳಿಗೆ ಕಳಿಸಿದ. ವರ್ಜೀನಿಯಾದ ಡಂಗ್ಲಿಸನ್, ಯೇಲ್‌ನ ಸಿಲಿಮನ್ ಇಬ್ಬರೂ ಹೈಡ್ರೋಕ್ಲೋರಿಕ್ ಆಸಿಡ್ ಇದೆ ಅಂದ್ರು. ಪ್ರೌಟ್ ಹೇಳಿದ್ದು ಸರಿಯಾಯ್ತು. ಸ್ವೀಡನ್ನಿನ ಬರ್ಜೀಲಿಯಸ್‌ಗೂ ಒಂದು ಸೀಸೆ ಹೋಯ್ತು, ಆದ್ರೆ ಅಷ್ಟು ದೂರದಿಂದ ಉಪಯೋಗಕ್ಕೆ ಬರೋ ಉತ್ತರ ಬರಲಿಲ್ಲ. ಬರೀ ಆಸಿಡ್ ಹಾಕಿದ್ರೆ ಮಾಂಸ ಅದೇ ಥರ ಕರಗಲ್ಲ, ಇನ್ನೇನೋ ಇದೆ ಅಂತ ಬೋಮಾಂಟ್‌ಗೆ ಅನ್ನಿಸಿತ್ತು. ಆ 'ಇನ್ನೇನೋ'ಗೆ 1836ರಲ್ಲಿ ಜರ್ಮನಿಯ ಥಿಯೊಡೋರ್ ಶ್ವಾನ್ ಹೆಸರಿಟ್ಟ: ಪೆಪ್ಸಿನ್. ಜೀವಕೋಶ ಸಿದ್ಧಾಂತದ ಅದೇ ಶ್ವಾನ್.

ಆಮೇಲೆ ಆ ಫೇಮಸ್ ಪಟ್ಟಿ, ಯಾವ ಊಟ ಎಷ್ಟು ಹೊತ್ತಿಗೆ ಕರಗುತ್ತೆ ಅಂತ. ಬೇಯಿಸಿದ ಅನ್ನ 1 ಗಂಟೆ. ಕಾಯಿಸಿದ ಹಾಲು 2 ಗಂಟೆ, ಹಸಿ ಹಾಲು 2 ಗಂಟೆ 15 ನಿಮಿಷ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆ ಮೂರೂವರೆ ಗಂಟೆ. ಹುರಿದ ಹಂದಿ ಮಾಂಸ ಐದು ಕಾಲು ಗಂಟೆ. ಹುಷಾರಿಲ್ಲದಾಗ ಅಜ್ಜಿ ಬಿಸಿ ಗಂಜಿ ಕೊಡೋದಕ್ಕೆ ಇಲ್ಲೊಂದು ಲೆಕ್ಕ ಸಿಕ್ಕಿತು ನೋಡಿ. ಆದ್ರೆ ಈ ಪಟ್ಟಿಯನ್ನ ವೇದವಾಕ್ಯ ಮಾಡ್ಕೊಬೇಡಿ. ಇದು ಒಬ್ಬನೇ ಮನುಷ್ಯನ, ಅದೂ ಗಾಯಗೊಂಡ ಹೊಟ್ಟೆಯ ಲೆಕ್ಕ. ಜಠರ ಬಿಟ್ಟ ಮೇಲೆ ಸಣ್ಣ ಕರುಳಲ್ಲಿ ನಡೆಯೋ ಅರ್ಧಕ್ಕಿಂತ ಹೆಚ್ಚು ಕೆಲಸ ಇದರಲ್ಲಿ ಇಲ್ಲವೇ ಇಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಬೇರೆ. ಅಲೆಕ್ಸಿಗೆ ಸಿಟ್ಟು ಬಂದಾಗ ಜಠರದೊಳಗೆ ಹಳದಿ ಪಿತ್ತ ಕಾಣಿಸ್ಕೊಳ್ತಿತ್ತು, ಜೀರ್ಣ ಕೆಡ್ತಿತ್ತು ಅಂತ ಬೋಮಾಂಟ್ ಬರೆದ. ಮನಸ್ಸಿಗೂ ಹೊಟ್ಟೆಗೂ ಇರೋ ನಂಟನ್ನ ಕಣ್ಣಿಂದ ನೋಡಿ ಬರೆದಿಟ್ಟ ಮೊದಮೊದಲ ದಾಖಲೆಗಳಲ್ಲಿ ಇದೂ ಒಂದು. 'ಪಿತ್ತ ನೆತ್ತಿಗೇರಿತು' ಅಂತ ನಾವು ಅಂತೀವಿ. ಅವನ ಪಿತ್ತ ಯಾಕೆ ಏರ್ತಿತ್ತು ಅಂತ ಮಾತ್ರ ಟಿಪ್ಪಣಿಯಲ್ಲಿ ಹೆಚ್ಚೇನೂ ಇಲ್ಲ. ಗಂಟೆಗಟ್ಟಲೆ ಉಪವಾಸ ಕೂರಿಸಿ, ನಳಿಗೆ ತೂರಿಸಿ, ದಾರ ಎಳೆದು ನೋಡ್ತಾ ಇದ್ರೆ ಯಾರಿಗೆ ಸಿಟ್ಟು ಬರಲ್ಲ?

ಭಾಗ 8

1834ರಲ್ಲಿ ಅಲೆಕ್ಸಿ ಊರಿಗೆ ಹೋದವನು ಮತ್ತೆ ಬೋಮಾಂಟ್ ಹತ್ತಿರ ಬರಲೇ ಇಲ್ಲ. ವರ್ಷಗಟ್ಟಲೆ ಪತ್ರ ನಡೀತು. ಇತ್ತ ಡಾಕ್ಟರ್: ಒಬ್ಬನೇ ಬಾ, ಇಷ್ಟು ಕೊಡ್ತೀನಿ. ಅತ್ತ ಅಲೆಕ್ಸಿ (ಬೇರೆಯವರ ಕೈಲಿ ಬರೆಸಿ): ಸಂಸಾರ ಬಿಟ್ಟು ಬರಲ್ಲ, ಇನ್ನೂ ಹೆಚ್ಚು ಬೇಕು. ಇದನ್ನ ಓದಿ ಅಲೆಕ್ಸಿಯನ್ನ ದುರಾಸೆಯವನು, ಕುಡುಕ, ಕೃತಘ್ನ ಅಂದವರಿದ್ದಾರೆ. ಕುಡೀತಿದ್ದ, ಹೌದು. ಆದ್ರೆ ಚೌಕಾಶಿ ಮಾಡಿದ್ದು ತಪ್ಪು ಹೇಗೆ? ಜಗತ್ತಿನಲ್ಲಿ ಇನ್ನೊಂದು ಸಿಗದ ವಸ್ತು ಅವನ ಹತ್ತಿರ ಇತ್ತು, ಅದರ ಬೆಲೆ ಅವನಿಗೆ ಆಗ ಗೊತ್ತಾಗಿತ್ತು.

ಬೋಮಾಂಟ್‌ಗೂ ಹಣದ ಹೊಳೆ ಹರೀಲಿಲ್ಲ. ಸ್ವಂತ ದುಡ್ಡು ಸುರಿದಿದ್ದ, ಪರಿಹಾರ ಕೊಡಿ ಅಂತ ಅಮೆರಿಕದ ಸಂಸತ್ತಿಗೆ ಹಾಕಿದ ಅರ್ಜಿ ಬಿದ್ದುಹೋಯ್ತು. 1853ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹಿಮ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು, ಅದೇ ನೆಪವಾಗಿ ಏಪ್ರಿಲ್‌ನಲ್ಲಿ ತೀರಿಹೋದ. ಹೆಸರು ಉಳೀತು. ಅಮೆರಿಕದ ಶರೀರಶಾಸ್ತ್ರದ ಪಿತಾಮಹ ಅಂತಾರೆ, ಆಸ್ಪತ್ರೆಗಳಿಗೆ ಅವನ ಹೆಸರಿದೆ.

ಈ ಪುಸ್ತಕ ಓದಿದ ಯುರೋಪಿನವರಿಗೆ ಒಂದು ಐಡಿಯಾ ಹೊಳೀತು. ಅಲೆಕ್ಸಿಯಂಥವನು ಇನ್ನೊಬ್ಬ ಸಿಗೋದು ಯಾವಾಗ? ನಾಯಿಗೆ ತೂತು ಮಾಡಿದ್ರೆ? 1842ರಲ್ಲಿ ಮಾಸ್ಕೋದ ಬಾಸೊವ್, ಮುಂದಿನ ವರ್ಷ ಫ್ರಾನ್ಸಿನ ಬ್ಲಾಂಡ್ಲೊ ಮಾಡಿದ್ರು. ಆ ದಾರಿಯ ಕೊನೆಗೆ ಇವಾನ್ ಪಾವ್ಲೊವ್. ಗಂಟೆ-ಜೊಲ್ಲು ಕಥೆ ಎಲ್ರಿಗೂ ಗೊತ್ತು, ಆದ್ರೆ 1904ರ ನೊಬೆಲ್ ಬಂದದ್ದು ಅದಕ್ಕಲ್ಲ, ಜೀರ್ಣಕ್ರಿಯೆಯ ಕೆಲಸಕ್ಕೆ. ಅನ್ನನಾಳ ಕತ್ತರಿಸಿ ಕುತ್ತಿಗೆಯಲ್ಲಿ ಹೊರಗೆ ತೆರೆದಿಟ್ಟ ನಾಯಿ ತಿನ್ನುತ್ತೆ, ತಿಂದದ್ದು ಕುತ್ತಿಗೆಯಿಂದಲೇ ಕೆಳಗೆ ಬೀಳುತ್ತೆ, ಹೊಟ್ಟೆಗೆ ಒಂದು ಚೂರೂ ಹೋಗಲ್ಲ. ಆದರೂ ಹೊಟ್ಟೆಯಲ್ಲಿ ರಸ ಸುರಿಯುತ್ತೆ! ಅಂದ್ರೆ ನರಗಳು ಮುಂಚೆಯೇ ಸುದ್ದಿ ಮುಟ್ಟಿಸ್ತವೆ. ಊಟ ತಾಗಿದಾಗಲೇ ರಸ ಅಂದಿದ್ದ ಬೋಮಾಂಟ್ ಲೆಕ್ಕ ಇಲ್ಲಿ ತಿದ್ದಿಹೋಯ್ತು. ಪಾವ್ಲೊವ್ ಆ ನಾಯಿಗಳ ಜಠರರಸವನ್ನ ಬಾಟಲಿಗೆ ತುಂಬಿಸಿ ಅಜೀರ್ಣದ ಔಷಧಿ ಅಂತ ಮಾರಿ ಲ್ಯಾಬ್ ಖರ್ಚು ನಡೆಸಿದ ಅನ್ನೋದು ಯಾವ ಪಠ್ಯದಲ್ಲೂ ನಾನು ಓದಿರಲಿಲ್ಲ. ಅಲೆಕ್ಸಿ ಕನಿಷ್ಠ ಊರಿಗೆ ಹೋಗಬಹುದಿತ್ತು. ನಾಯಿಗಳಿಗೆ ಆ ದಾರಿಯೂ ಇರಲಿಲ್ಲ.

ಸ್ಪಲಾಂಜಾನಿಯ ಹಾಗೆ ತನ್ನ ಹೊಟ್ಟೆಯನ್ನೇ ಒಡ್ಡಿದವರು ಆಮೇಲೂ ಇದ್ದಾರೆ. 1984ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಹೆಲಿಕೊಬ್ಯಾಕ್ಟರ್ ಬ್ಯಾಕ್ಟೀರಿಯಾ ಇರೋ ದ್ರವ ಕುಡಿದು ತನ್ನ ಜಠರಕ್ಕೆ ಉರಿಯೂತ ಬರಿಸಿಕೊಂಡ. ಹೊಟ್ಟೆ ಹುಣ್ಣಿಗೆ ಖಾರ, ಟೆನ್ಷನ್ ಮಾತ್ರ ಕಾರಣ ಅನ್ನೋ ನಂಬಿಕೆ ಅಲುಗಾಡಿತು. 2005ರಲ್ಲಿ ರಾಬಿನ್ ವಾರನ್ ಜೊತೆ ನೊಬೆಲ್ ಬಂತು. ಪ್ರಯೋಗ ಮಾಡಿದವನೂ, ಒಳಗಾದವನೂ, ಪ್ರಶಸ್ತಿ ತಗೊಂಡವನೂ ಒಬ್ಬನೇ. ಈ ಮೂರು ಬೇರೆ ಬೇರೆ ಜನ ಆದಾಗಲೇ ತಕರಾರು.

ಭಾಗ 9 (ಕೊನೆ)

ಮುದುಕನಾದ ಅಲೆಕ್ಸಿಯ ಒಂದು ಫೋಟೊ ಉಳಿದಿದೆ. ಅಂಗಿ ತೆಗೆದು ಕೂತಿದ್ದಾನೆ, ಪಕ್ಕೆಯಲ್ಲಿ ಆ ತೂತು ಕಾಣುತ್ತೆ. ಸುಕ್ಕು ಮುಖ. ಫೋಟೊ ತೆಗೆಯೋ ಹೊತ್ತಿಗೂ ತೂತು ಮುಚ್ಚಿರಲಿಲ್ಲ.

ಬೋಮಾಂಟ್ ಸತ್ತ ಮೂರು ವರ್ಷಕ್ಕೆ, 1856ರಲ್ಲಿ, ಡಾಕ್ಟರ್ ಅಂತ ಹೇಳಿಕೊಂಡ ಒಬ್ಬ ಅವನನ್ನ ಊರೂರು ಸುತ್ತಿಸಿ ಪ್ರದರ್ಶನ ಮಾಡಿಸಿದ. ಅದು ಬಿಟ್ರೆ ಮಿಕ್ಕ ಜೀವನ ಹಳ್ಳಿಯಲ್ಲಿ. ಒಂದಿಷ್ಟು ಹೊಲ, ಸೌದೆ ಕಡಿಯೋ ಕೆಲಸ, ದೊಡ್ಡ ಸಂಸಾರ, ಬಡತನ.

1880ರ ಜೂನ್ 24ಕ್ಕೆ ತೀರಿಕೊಂಡ, ಕ್ವಿಬೆಕ್‌ನ ಸೇಂಟ್ ಥಾಮಸ್ ಅನ್ನೋ ಊರಲ್ಲಿ. ಆಗ ಮಾಂಟ್ರಿಯಲ್‌ನಲ್ಲಿದ್ದ ಡಾಕ್ಟರ್ ವಿಲಿಯಂ ಆಸ್ಲರ್ ಮುಂದೆ ಜಗತ್ಪ್ರಸಿದ್ಧನಾದವನು. ಶವಪರೀಕ್ಷೆ ಮಾಡಬೇಕು, ಆ ಜಠರವನ್ನ ವಾಷಿಂಗ್ಟನ್‌ನ ಸೈನ್ಯದ ವೈದ್ಯಕೀಯ ಮ್ಯೂಸಿಯಂನಲ್ಲಿ ಇಡಬೇಕು ಅನ್ನೋದು ಆಸ್ಲರ್ ಆಸೆ. ಊರಿನಿಂದ ಬಂದ ಉತ್ತರದ ಸಾರಾಂಶ: ಶವಪರೀಕ್ಷೆ ಅಂತ ಬಂದ್ರೆ ಜೀವ ಉಳಿಯಲ್ಲ.

ಮನೆಯವರು ಅಷ್ಟಕ್ಕೇ ಬಿಡಲಿಲ್ಲ. ಬೇಸಿಗೆ ಬಿಸಿಲು. ದೇಹವನ್ನ ಕೂಡಲೇ ಮಣ್ಣು ಮಾಡದೆ, ಕೊಳೆಯಲಿ ಅಂತ ಬೇಕಂತಲೇ ದಿನಗಟ್ಟಲೆ ಮನೇಲೇ ಇಟ್ಟುಕೊಂಡ್ರು. ಅಂತ್ಯಸಂಸ್ಕಾರದ ಪ್ರಾರ್ಥನೆ ನಡೆಯುವಾಗ ಪೆಟ್ಟಿಗೆಯನ್ನ ಚರ್ಚಿನ ಹೊರಗಿಡಬೇಕಾಯ್ತು, ವಾಸನೆ ಅಷ್ಟಿತ್ತು. ಎಂಟು ಅಡಿ ಆಳ ತೋಡಿ ಹೂತ್ರು. ಯಾವ ಡಾಕ್ಟರಿಗೂ ಉಪಯೋಗಕ್ಕೆ ಬರದ ಹಾಗೆ.

58 ವರ್ಷ ಒಬ್ಬರಲ್ಲ ಒಬ್ಬರು ಇಣುಕಿ ನೋಡಿದ್ದ ಕಿಟಕಿಯನ್ನ ಮುಚ್ಚಿದ್ದು ಹೀಗೆ, ಡಾಕ್ಟರುಗಳಲ್ಲ, ಮನೆಯವರು.

1962ರಲ್ಲಿ ಕೆನಡಾದ ಶರೀರಶಾಸ್ತ್ರ ವಿಜ್ಞಾನಿಗಳ ಸಂಘ ಆ ಚರ್ಚಿನ ಬಳಿ ಒಂದು ಫಲಕ ಹಾಕಿಸಿತು. ಅದರ ಮೇಲೆ ಅಲೆಕ್ಸಿಯ ಹೆಸರಿದೆ.

——
ಮುಂದಿನ ಸರಣಿ: ಹಸು ಮಲಗಿಕೊಂಡು ಏನು ಅಗೀತಾ ಇರುತ್ತೆ? ನಾಲ್ಕು ಕೋಣೆಯ ಹೊಟ್ಟೆಯೊಳಗೆ ಯಾರ್‍ಯಾರಿದ್ದಾರೆ? ಪ್ರಶ್ನೆ ಇದ್ರೆ ಕೆಳಗೆ ಹಾಕಿ, ಅದರಲ್ಲೇ ಸೇರಿಸಿ ಬರೀತೀನಿ.

#ಇತಿಹಾಸ #ವಿಜ್ಞಾನದಕಥೆ #ಜೀರ್ಣಕ್ರಿಯೆ #ಕನ್ನಡದಲ್ಲಿವಿಜ್ಞಾನ